ಸ್ಪ್ಯಾನಿಷ್ ಕೈದಿಯಿಂದ ಎಸ್‌ಎಂಎಸ್‌ವರೆಗೆ

19ನೆಯ ಶತಮಾನದಲ್ಲಿ ಯುರೋಪ್, ಅಮೆರಿಕಗಳ ಅನುಕೂಲಸ್ಥರಿಗೆ ಅಪರಿಚಿತರ ಪತ್ರ ಬರುತ್ತಿತ್ತು: ಸ್ಪೇನಿನ ಸೆರೆಯಲ್ಲಿರುವ ಸಿರಿವಂತನನ್ನು ಬಿಡಿಸಲು ಹಣ ಕಳುಹಿಸಿದರೆ ಅವನ ಸಂಪತ್ತಿನಲ್ಲಿ ಪಾಲು! ಹಣ ಹೋಗುತ್ತಿತ್ತು, ಕೈದಿಯೇ ಇರಲಿಲ್ಲ. ಇದೇ ‘ಸ್ಪ್ಯಾನಿಷ್ ಕೈದಿ’ ವಂಚನೆ.

1992ರ ಡಿಸೆಂಬರ್ 3ರಂದು ಬ್ರಿಟನ್ನಿನ ನೀಲ್ ಪ್ಯಾಪ್‌ವರ್ತ್ ಮೊದಲ ಎಸ್‌ಎಂಎಸ್ ಅನ್ನು ಕಂಪ್ಯೂಟರಿನಿಂದ ಕಳುಹಿಸಿದರು. ಕಳುಹಿಸಿದವರ ಹೆಸರು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಎಸ್‌ಎಂಎಸ್‌ನ ಮೂಲ ವಿನ್ಯಾಸದಲ್ಲಿರಲಿಲ್ಲ. ಆದ್ದರಿಂದ ಬ್ಯಾಂಕಿನ ಹೆಸರಿದ್ದ ಮಾತ್ರಕ್ಕೆ ಸಂದೇಶ ಬ್ಯಾಂಕಿನದೇ ಆಗಿರಬೇಕಿಲ್ಲ.

ಮಾಧ್ಯಮ ಬದಲಾದರೂ ಸೂತ್ರ ಹಳೆಯದೇ: ಆಸೆ, ಅವಸರ, ಮುಂಗಡ ಹಣ. ಸಂದರ್ಶನವಿಲ್ಲದ ಉದ್ಯೋಗಕ್ಕೆ ‘ನೋಂದಣಿ ಶುಲ್ಕ’ ಕೇಳಿದರೆ ವಿದ್ಯಾರ್ಥಿಗಳು ಆ ಕೈದಿಯನ್ನು ನೆನೆಯಬೇಕು. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಸಂಸ್ಥೆಯನ್ನೇ ನೇರವಾಗಿ ವಿಚಾರಿಸಬೇಕು. ಹಣ ಹೋಗಿದ್ದರೆ, ಅದು ಖಾತೆಯಿಂದ ಖಾತೆಗೆ ಸರಿಯುವ ಮುನ್ನವೇ, 1930ಕ್ಕೆ ಕರೆ ಮಾಡಬೇಕು.