ಗಾಲಿಗೆ ದೊರೆತ ದಾರಿ

ನಂದಿಯಲ್ಲಿ ಶಿವನಿಗೆ ಮೂರು ನೆಲೆಗಳು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಒಂದೇ ಪ್ರಾಕಾರದೊಳಗೆ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ. ಬೆಟ್ಟದ ನೆತ್ತಿಯ ಮೇಲೆ ಯೋಗನಂದೀಶ್ವರ. ಬಾಲ್ಯ, ಯೌವನ, ವೈರಾಗ್ಯ ಎಂಬ ಬಾಳಿನ ಮೂರು ಅವಸ್ಥೆಗಳನ್ನು ಇವು ಸೂಚಿಸುತ್ತವೆ ಎಂದು ಸ್ಥಳದ ಹಿರಿಯರು ಹೇಳುತ್ತಾರೆ. ಯೋಗಿಯಾದ ಶಿವನಿಗೆ ಮೇಲೆ ಉತ್ಸವದ ಸಡಗರವಿಲ್ಲ, ಸಂಭ್ರಮವೆಲ್ಲ ಕೆಳಗಿನವನಿಗೇ. ಕಲ್ಪನೆ ಬಹು ಸೊಗಸಾದುದು. ಆದರೆ ಇದನ್ನು ಕೇಳಿದಾಗಲೆಲ್ಲ ನನಗೊಂದು ಸಂದೇಹ ಮೂಡುತ್ತದೆ. ವೈರಾಗ್ಯ ಬರುವ ವಯಸ್ಸಿಗೆ ಮೊಣಕಾಲು ನೋವೂ ಬಂದಿರುತ್ತದೆ. ಆಗ ಬೆಟ್ಟ ಹತ್ತುವುದು ಹೇಗೆ?

ಈ ಪ್ರಶ್ನೆ ನನಗೆ ಬರಿಯ ವಿನೋದವಲ್ಲ. ಎಳವೆಯಲ್ಲಿ ತಗುಲಿದ ಪೋಲಿಯೋ ನನ್ನ ಎರಡು ಕಾಲುಗಳ ಬಲವನ್ನೂ ಕಸಿದುಕೊಂಡಿತು. ಊರುಗೋಲಿನಲ್ಲಿ ಆರಂಭವಾದ ನನ್ನ ಸಂಚಾರ ಈಗ ಗಾಲಿಕುರ್ಚಿಗೆ ಬಂದು ನಿಂತಿದೆ. ಬಿ. ಎಲ್. ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು; ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆ ಸಂಪುಟವನ್ನು ಮೇಜಿನ ಮೇಲಿಟ್ಟುಕೊಂಡು ನಾನು ಬಹುಕಾಲ ವಿದ್ಯಾರ್ಥಿಗಳಿಗೆ ಈ ಸೀಮೆಯ ಶಾಸನಗಳನ್ನು ಪಾಠ ಹೇಳಿದೆ. ಅಕ್ಷರ ಪರಿಚಿತವಾಗಿತ್ತು, ಕಲ್ಲಿನ ಪರಿಚಯವಾಗಿರಲಿಲ್ಲ.

ಭೋಗನಂದೀಶ್ವರ ದೇವಾಲಯದ ಚರಿತ್ರೆ ಒಂಬತ್ತನೆಯ ಶತಮಾನದ ಆದಿಭಾಗಕ್ಕೆ ಹೋಗುತ್ತದೆ. ನೊಳಂಬರು ಮತ್ತು ಬಾಣರ ಕಾಲದ ದತ್ತಿಗಳಿಂದ ಮೊದಲ್ಗೊಂಡು ಗಂಗ, ಚೋಳ, ಹೊಯ್ಸಳ, ವಿಜಯನಗರದ ಅರಸರವರೆಗೆ ಒಬ್ಬರಾದ ಮೇಲೊಬ್ಬರು ಅದನ್ನು ಬೆಳೆಸಿದರು. ಒಬ್ಬರು ಕಟ್ಟಿದ್ದನ್ನು ಮುಂದಿನವರು ಕೆಡವಲಿಲ್ಲ. ಪಕ್ಕದಲ್ಲಿ ಮತ್ತೊಂದನ್ನು ಸೇರಿಸಿದರು. ಎರಡು ಗುಡಿಗಳ ನಡುವೆ ಉಮಾಮಹೇಶ್ವರನ ಸನ್ನಿಧಿ, ಅದರ ಮುಂದೆ ಕಪ್ಪುಶಿಲೆಯ ಕಲ್ಯಾಣಮಂಟಪ, ಆಚೆಗೆ ಸುತ್ತಲೂ ಸೋಪಾನಗಳುಳ್ಳ ಶೃಂಗಿತೀರ್ಥವೆಂಬ ಕಲ್ಯಾಣಿ, ಇವೆಲ್ಲ ಹೀಗೆ ಒಂದೆಡೆ ನೆರೆದವು.

ನಾನು ಅದನ್ನು ಮೊದಲು ನೋಡಿದ್ದು ಇಬ್ಬರು ಶಿಷ್ಯರ ತೋಳುಗಳ ಮೇಲೆ ಕುಳಿತು. ಅವರ ಪ್ರೀತಿಗೆ ನಾನು ಋಣಿ. ಆದರೂ ಒಂದು ಮಾತು ಹೇಳಬೇಕು. ಎತ್ತಿಸಿಕೊಂಡು ಹೋದವನಿಗೆ ನೋಡುವುದಕ್ಕೆ ಸಾವಕಾಶವಿರುವುದಿಲ್ಲ. ಮಂಟಪದ ಕಂಬದ ಬಳ್ಳಿಯ ಕೆತ್ತನೆಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸಿತು. ಹೊತ್ತವರ ಹಣೆಯ ಬೆವರು ಕಂಡು, ಸಾಕಪ್ಪ, ನಡೆಯಿರಿ ಎಂದೆ. ನೋಡುವುದೆಂದರೆ ತಂಗುವುದು, ಹಿಂದಿರುಗಿ ಇನ್ನೊಮ್ಮೆ ನೋಡುವುದು. ಆ ಸ್ವಾತಂತ್ರ್ಯ ಇನ್ನೊಬ್ಬರ ತೋಳಬಲವನ್ನು ಅವಲಂಬಿಸಿದಾಗ ಚರಿತ್ರೆಯೂ ಅವಸರದ್ದಾಗುತ್ತದೆ.

ಕಲ್ಲಿನ ಮೆಟ್ಟಿಲು, ಎತ್ತರದ ಹೊಸ್ತಿಲು ನಮ್ಮ ವಾಸ್ತುವಿನ ಸಹಜ ಲಕ್ಷಣಗಳು. ಶಿಲ್ಪಿಯನ್ನು ಅದಕ್ಕಾಗಿ ದೂರುವಂತಿಲ್ಲ. ಇನ್ನು ಕೋಟೆಯ ಮಾತಂತೂ ಬೇರೆಯೇ. ಚಿಂತಾಮಣಿ ಸೀಮೆಯ ಅಂಬಾಜಿದುರ್ಗ, ರಹಮಾನ್‌ಗಡಗಳಿರಲಿ, ನಂದಿದುರ್ಗವಿರಲಿ, ಬರುವವರನ್ನು ತಡೆಯುವುದಕ್ಕೆಂದೇ ಬೆಟ್ಟವೇರಿ ಕುಳಿತಂಥವು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ನಂದಿದುರ್ಗವನ್ನು ಸುಮಾರು ಮೂರು ವಾರ ಮುತ್ತಿ, 1791ರ ಅಕ್ಟೋಬರ್ 19ರಂದು ಹಿಡಿಯಿತು. ಆ ಮುತ್ತಿಗೆಯಲ್ಲಿ ನನ್ನ ಮನಸ್ಸನ್ನು ಸೆಳೆಯುವ ಸಂಗತಿ ಒಂದೇ: ಫಿರಂಗಿಗಳನ್ನು ಮೇಲೇರಿಸಲು ಆ ಕಡಿದಾದ ಇಳಿಜಾರಿನಲ್ಲಿ ಅವರು ದಾರಿ ಕಡಿದರು. ಮನುಷ್ಯ ಕಾಲೂರಲು ಅಂಜುವ ಬಂಡೆಯ ಮೇಲೆ ಕೆಲವೇ ದಿನಗಳಲ್ಲಿ ಗಾಲಿ ಏರಿತು. ಕೆಡಹುವ ಹಟವಿದ್ದಾಗ ಗಾಲಿಗೆ ದಾರಿಯಾಯಿತು. ನೋಡುವ ಆಸೆಯುಳ್ಳವನ ಗಾಲಿಗೆ ಮಾತ್ರ ಒಂದು ಹೊಸ್ತಿಲು ಬೆಟ್ಟವಾಗಿ ನಿಂತಿತು.

ಈಗ ನಂದಿಬೆಟ್ಟದ ಮೇಲಕ್ಕೆ ಮೋಟಾರು ಹೋಗುತ್ತದೆ. 1927ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿ ವಿಶ್ರಾಂತಿಗೆ ಬಂದು ತಂಗಿದ್ದು ಈ ಬೆಟ್ಟದಲ್ಲಿಯೇ. ಬಳಲಿದ ದೇಹಕ್ಕೆ ಆಶ್ರಯ ಕೊಡುವ ಗುಣ ಅದಕ್ಕೆ ಹೊಸದೇನಲ್ಲ.

ದೇವಾಲಯದ ಸಂಪ್ರದಾಯದಲ್ಲಿಯೇ ಈ ಕಷ್ಟಕ್ಕೆ ಒಂದು ಉತ್ತರವಿದೆಯೆಂದು ನನ್ನ ನಂಬಿಕೆ. ಮೂಲವಿಗ್ರಹ ಗರ್ಭಗುಡಿಯಲ್ಲಿ ಅಚಲ. ಉತ್ಸವಮೂರ್ತಿ ಬೀದಿಗೆ ಬರುತ್ತದೆ. ಶಿವರಾತ್ರಿಯ ವೇಳೆ ನಂದಿಯ ತೇರು ಹೊರಟಾಗ ಮುದುಕರು, ರೋಗಿಗಳು, ಒಳಗೆ ಹೋಗಲಾರದವರೆಲ್ಲರೂ ತಮ್ಮ ತಮ್ಮ ಜಗಲಿಯಿಂದಲೇ ದರ್ಶನ ಪಡೆಯಬಹುದು. ದೇವರೇ ಗಾಲಿಯನ್ನೇರಿ ಭಕ್ತನಿದ್ದಲ್ಲಿಗೆ ಬರುವುದನ್ನು ನಮ್ಮ ಹಿರಿಯರು ಕುಂದೆಂದು ಎಣಿಸಲಿಲ್ಲ, ಹಬ್ಬವೆಂದು ಆಚರಿಸಿದರು. ಗಾಲಿಯ ಮೇಲೆ ಬರುವ ಭಕ್ತನೂ ಆ ಹಬ್ಬಕ್ಕೆ ಹೊರಗಿನವನಾಗಬೇಕಿಲ್ಲ.

ಪುರಾತನ ಸ್ಮಾರಕಕ್ಕೆ ಮೊಳೆ ಹೊಡೆಯಬಾರದು, ಸಿಮೆಂಟು ಮೆತ್ತಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಶಾಸನದ ಕಲ್ಲಿನ ಮೇಲೆ ಜೀವ ಇಟ್ಟುಕೊಂಡ ನಾನು ಅದನ್ನು ಮೊದಲು ಒಪ್ಪುತ್ತೇನೆ. ಆದರೆ ಉಪಾಯವಿದೆ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ, ಗಾಲಿಕುರ್ಚಿಯಲ್ಲಿದ್ದ ಅವರಿಗಾಗಿ ಕುತುಬ್ ಮಿನಾರ್, ಜಂತರ್ ಮಂತರ್‌ಗಳಲ್ಲಿ ಮರದ ಇಳಿಜಾರುಗಳನ್ನು ಹಾಸಿದರು. ಅಂಗವಿಕಲರ ಹಕ್ಕಿಗಾಗಿ ದುಡಿಯುತ್ತಿದ್ದ ಜಾವೇದ್ ಅಬಿದಿ ಮೊದಲಾದವರ ಒತ್ತಾಯ ಅದರ ಹಿಂದಿತ್ತು. ಕಲ್ಲಿಗೆ ಗಾಯವಾಗಲಿಲ್ಲ. ಜಗದ್ವಿಖ್ಯಾತನೊಬ್ಬನಿಗೆ ಸಾಧ್ಯವಾದದ್ದು ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯ ಅಜ್ಜಿಗೂ, ಗೌರಿಬಿದನೂರಿನ ಶಾಲೆಯ ಹುಡುಗನಿಗೂ ಸಾಧ್ಯವಾಗಬೇಕು. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ ಮೂವತ್ತನೆಯ ವಿಧಿ ಸ್ಮಾರಕಗಳ ದರ್ಶನವನ್ನೂ ವಿಕಲಚೇತನರ ಹಕ್ಕುಗಳಲ್ಲಿ ಸೇರಿಸಿದೆ. 2016ರ ನಮ್ಮ ಅಧಿನಿಯಮ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ನಿಲುಕುವಂತಿರಬೇಕೆಂದು ವಿಧಿಸಿದೆ.

ಬೇಕಾದದ್ದು ದೊಡ್ಡ ವೆಚ್ಚವೇನಲ್ಲ. ಹಾಕಿ ತೆಗೆಯಬಹುದಾದ ಹಲಗೆ, ಹಿಡಿದು ನಡೆಯಲು ಒಂದು ಕಂಬಿ, ಕಣ್ಣಿಲ್ಲದವರು ಬೆರಳಿನಿಂದ ಓದಬಹುದಾದ ಕೆತ್ತನೆಯ ಪ್ರತಿಕೃತಿ, ಮೇಲೆ ಹತ್ತಲಾರದವರಿಗಾಗಿ ಮೇಲಿನ ಗುಡಿಯ ಚಿತ್ರವೂ ವಿವರಣೆಯೂ ಉಳ್ಳ ಫಲಕ. ಇವು ದೊರೆತರೆ ಕೋಲೂರಿದ ತಾತನಿಗೂ ಬಸುರಿ ಹೆಂಗಸಿಗೂ ಉಪಕಾರವಾದೀತು.

ನಮ್ಮ ಶಾಸನಗಳ ತುಂಬ ದಾನಿಗಳ ಹೆಸರುಗಳಿವೆ. ನಂದಾದೀಪಕ್ಕೆ ಎಣ್ಣೆ ಬಿಟ್ಟವರು, ನೈವೇದ್ಯಕ್ಕೆ ಗದ್ದೆ ಬಿಟ್ಟವರು, ಕೆರೆ ಕಟ್ಟಿಸಿದವರು. ಆಯಾ ಕಾಲದವರು ತಮಗೆ ಅಗತ್ಯವೆಂದು ಕಂಡದ್ದನ್ನು ಕೊಟ್ಟು, ಚಂದ್ರಸೂರ್ಯರಿರುವವರೆಗೂ ನಡೆಯಲೆಂದು ಕಲ್ಲಿನಲ್ಲಿ ಬರೆಸಿದರು. ನಮ್ಮ ಕಾಲದವರ ದತ್ತಿಯಾಗಿ ಆ ಹೊಸ್ತಿಲಿಗೊಂದು ಹಲಗೆ ಸಂದರೆ, ಗಂಗರೂ ಚೋಳರೂ ಆರಂಭಿಸಿದ ಸೇರಿಸುವ ಕೆಲಸವನ್ನು ನಾವೂ ಮುಂದುವರಿಸಿದಂತೆ.