ಗೋಲು ಹೊಡೆದವನ ಹೆಸರು

ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಶುರುವಾದದ್ದು 1891ರಲ್ಲಿ. ಬ್ರಿಟಿಷ್ ಪಲ್ಟನ್ನುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದ ಆ ಕಪ್ಪನ್ನು ನಲವತ್ತಾರು ವರ್ಷ ಯಾವ ಭಾರತೀಯ ತಂಡಕ್ಕೂ ಗೆಲ್ಲಲಾಗಲಿಲ್ಲ. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಹೋಗಿ ಸೋತು ಬಂತು. ಕೊನೆಗೆ 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಹೆಸರು ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಕಲ್ಕತ್ತಾ ಲೀಗನ್ನು ವರ್ಷ ಬಿಡದೆ ಗೆಲ್ಲುತ್ತಿದ್ದ, ಆ ಕಾಲದ ಮಹಾ ತಂಡ ಅದು. ಅಂತರ 1–0.

ದಾಖಲೆಯ ಪಟ್ಟಿಗಳಲ್ಲಿ ಇಂಥ ಸಂಗತಿಗಳು ಹೀಗೆಯೇ ಕೂತಿರುತ್ತವೆ: ವರ್ಷ, ಗೆದ್ದವರು, ಸೋತವರು, ಅಂಕಿ. ಸ್ಥಳೀಯ ಪಂದ್ಯಗಳ ಹಿಂದೆ ಕೆಲವು ವರ್ಷ ನೋಟ್‌ಬುಕ್ ಹಿಡಿದು ಅಲೆದ ನನ್ನಂಥವನ ಕಣ್ಣು ಮಾತ್ರ ಆ 'ಒಂದ'ರ ಮೇಲೆ ನಿಂತುಬಿಡುತ್ತದೆ. ಅದು ಬರೀ ಅಂಕಿಯಲ್ಲ, ಯಾರದೋ ಕಾಲು. ಆ ಕಾಲಿಗೊಂದು ಮನೆಯಿತ್ತು, ಗಲ್ಲಿಯಿತ್ತು, ಅಮ್ಮ ಕೂಗುತ್ತಿದ್ದ ಹೆಸರಿತ್ತು.

ನಾನು ಕ್ರೀಡಾ ವರದಿಗಾರನಾದದ್ದು ಆಕಸ್ಮಿಕ. 2002ರಲ್ಲಿ ಒಂದೆರಡು ಕತೆ ಅಚ್ಚಾದ ಹುಮ್ಮಸ್ಸಿನಲ್ಲಿ ಕನ್ನಡ ದಿನಪತ್ರಿಕೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದೆ. ಸಾಹಿತ್ಯ ಪುರವಣಿ ಸಿಗಬಹುದೆಂಬ ಆಸೆಯಿತ್ತು; ಸಿಕ್ಕಿದ್ದು ಆಟದ ಪುಟ. ಅಲ್ಲಿಯೂ ಜಾತಿಪದ್ಧತಿ ಇತ್ತೆನ್ನಿ. ಚಿನ್ನಸ್ವಾಮಿ ಕ್ರೀಡಾಂಗಣ ಹಿರಿಯರಿಗೆ ಮೀಸಲು. ಹೊಸಬನಾದ ನನಗೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಲೀಗ್ ಪಂದ್ಯಗಳು, ಮತ್ತೆ ಭಾನುವಾರಗಳಲ್ಲಿ ಊರಾಚೆಯ ಮೈದಾನಗಳ ಡಿವಿಷನ್ ಕ್ರಿಕೆಟ್. ದಿನಕ್ಕೆ ಎರಡು ಪಂದ್ಯ, ಪಂದ್ಯಕ್ಕೆ ನಾಲ್ಕು ಸಾಲು. ಜಾಹೀರಾತು ಜಾಸ್ತಿ ಬಂದ ದಿನ ಎರಡು ಸಾಲು. ರಾತ್ರಿ ಅದನ್ನೇ ಉರ್ದುವಿನಲ್ಲಿ ಬರೆದು ನಮ್ಮ ಕಡೆಯ ಒಂದು ಉರ್ದು ಪತ್ರಿಕೆಗೂ ಕೊಡುತ್ತಿದ್ದೆ. ಅದರ ಸಂಭಾವನೆಯಲ್ಲಿ ಬಸ್ ಪಾಸಿನ ಖರ್ಚು ಹುಟ್ಟುತ್ತಿತ್ತು.

ಎರಡು ಲಿಪಿಗಳ ನಡುವೆ ಓಡಾಡುವಾಗಲೇ ಹೆಸರಿನ ಕಷ್ಟ ಗೊತ್ತಾದದ್ದು. ತಂಡದ ಪಟ್ಟಿ ಬರುತ್ತಿದ್ದುದು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ. ಕೆ-ಎ-ಡಿ-ಎ-ಆರ್ ಎಂದಿದ್ದರೆ ಅವನು ಕಾದರೋ, ಖಾದರೋ, ಖಾದಿರೋ? ಇಂಗ್ಲಿಷಿನವರಿಗೆ ಆ ಚಿಂತೆಯಿಲ್ಲ, ಇದ್ದದ್ದನ್ನು ಇದ್ದಂತೆ ಇಳಿಸಿದರಾಯಿತು. ಕನ್ನಡದಲ್ಲಿ ಬರೆಯುವವನು ಪ್ರತಿ ಅಕ್ಷರಕ್ಕೂ ಸ್ವರ ಹಚ್ಚಬೇಕು, ದೀರ್ಘವೋ ಹ್ರಸ್ವವೋ ಹೇಳಬೇಕು, ಅಲ್ಪಪ್ರಾಣವೋ ಮಹಾಪ್ರಾಣವೋ ತೀರ್ಮಾನಿಸಬೇಕು. ಉರ್ದುವಿನ ಪಾಡು ಇದಕ್ಕೆ ತದ್ವಿರುದ್ಧ. ಹ್ರಸ್ವ ಸ್ವರಗಳನ್ನು ಅಲ್ಲಿ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಗೌತಮಪುರದ ಸೆಲ್ವಂ ಉರ್ದು ಪುಟಕ್ಕೆ ಹೋದರೆ ಸ-ಲ-ವ-ಮ ಎಂಬ ನಾಲ್ಕು ಅಕ್ಷರವಾಗುತ್ತಾನೆ, ಓದುವ ಪುಣ್ಯಾತ್ಮರು ಅವನನ್ನು ಸಲೂಮ್ ಮಾಡಿ ನಮ್ಮವನಾಗಿಸಿಕೊಳ್ಳುತ್ತಾರೆ! ಹೀಗಾಗಿ ಪಂದ್ಯ ಮುಗಿದ ಮೇಲೆ ಮೈದಾನಕ್ಕಿಳಿದು, ಬೆವರು ಒರೆಸಿಕೊಳ್ಳುತ್ತಿದ್ದ ಹುಡುಗರನ್ನು ನಿಲ್ಲಿಸಿ, 'ನಿನ್ನ ಹೆಸರನ್ನು ಮನೆಯಲ್ಲಿ ಹೇಗೆ ಕರೀತಾರೆ?' ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಕೆಲವರು ನಕ್ಕು ಮನೆಯ ಅಡ್ಡಹೆಸರನ್ನೇ ಹೇಳಿಬಿಡುತ್ತಿದ್ದರು.

ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದು ದಂಡಿನಲ್ಲಿ. 1809ರಲ್ಲಿ ನೆಲೆಯೂರಿದ ಬ್ರಿಟಿಷ್ ಕಂಟೋನ್ಮೆಂಟು ಪೇಟೆಯಿಂದ ಬೇರೆಯೇ ಊರಾಗಿತ್ತು, ಎರಡಕ್ಕೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಸೈನಿಕರ ಮೈದಾನದ ಅಂಚಿನಲ್ಲಿ ಅವರ ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ದರ್ಜಿಗಳು, ಕಸಾಯಿಗಳು ಬದುಕುತ್ತಿದ್ದರು. ತಮಿಳು, ದಖ್ಖನಿ, ತೆಲುಗು ಮಾತಾಡುವ ಬಡವರು. ಅವರ ಮಕ್ಕಳು ಗೆರೆಯಾಚೆ ನಿಂತು ಆಟ ನೋಡಿ ಕಲಿತರು. ಒಂದು ಚೆಂಡಿದ್ದರೆ ಇಪ್ಪತ್ತೆರಡು ಜನ ಆಡಬಹುದಾದ ಆಟ ಅದು, ಬೂಟು ಕೂಡ ಬೇಡ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಪಕ್ಕದ ಗೌತಮಪುರ ಇವತ್ತಿಗೂ ಫುಟ್‌ಬಾಲಿನ ಕೇರಿಗಳೇ. ಗೌತಮಪುರದಲ್ಲಿ ಅಂಬೇಡ್ಕರ್ ಮತ್ತು ಬುದ್ಧನ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ.

ಬೆಂಗಳೂರು ಮುಸ್ಲಿಮ್ಸ್ ಮರುವರ್ಷವೂ ರೋವರ್ಸ್ ಗೆದ್ದಿತು. 1948ರಲ್ಲಿ ಮೋಹನ್ ಬಾಗಾನನ್ನು 1–0ಯಿಂದ ಸೋಲಿಸಿ ಮೂರನೇ ಸಲ ಗೆದ್ದಿತು. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಮಿನ ಹೆಸರಿನಲ್ಲಿ ತಂಡ ಕಟ್ಟುವುದು ಆಗಿನ ಕಾಲದ ವಾಡಿಕೆ. ಮುಂಬಯಿಯ ಕ್ರಿಕೆಟ್ಟಿನಲ್ಲಂತೂ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳೇ ಎದುರುಬದುರಾಗುತ್ತಿದ್ದವು. 1937ರಲ್ಲಿ ಉಳಿದವರೆಲ್ಲ ಸೇರಿ ಐದನೆಯದಾಯಿತು. ಗಾಂಧೀಜಿ 1940ರಲ್ಲಿ ಅದನ್ನು ವಿರೋಧಿಸಿದರು, 1946ರಲ್ಲಿ ಅದು ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಆದರೆ 1937ರ ಆ ಫೈನಲ್ ನೋಡಿ: ಎರಡೂ ಕಡೆ ಅದೇ ಹೆಸರಿನವರು! ಕೋಮಿನ ಮಾನಕ್ಕಾಗಿ ಆಡಿದರೆಂದರೆ ಯಾರ ಮಾನ ಯಾರು ತೆಗೆದಂತಾಯಿತು? ಒಂದು ಊರು ಇನ್ನೊಂದು ಊರನ್ನು ಸೋಲಿಸಿತು, ಅಷ್ಟೆ.

ನಾನು ಒಮ್ಮೆ ಈ ಗೆಲುವಿನ ಬಗ್ಗೆ ಚಿಕ್ಕ ಟಿಪ್ಪಣಿ ಬರೆದುಕೊಟ್ಟಿದ್ದೆ. ರಾತ್ರಿ ಪಾಳಿಯ ಉಪಸಂಪಾದಕರು ಕನ್ನಡದ ಅಭಿಮಾನಿ. ಕ್ಲಬ್ಬಿನ ಹೆಸರನ್ನೂ ಕನ್ನಡಕ್ಕಿಳಿಸಿ 'ರೋವರ್ಸ್ ಕಪ್ ಗೆದ್ದ ಬೆಂಗಳೂರಿನ ಮುಸ್ಲಿಮರು' ಎಂದು ತಲೆಬರಹ ಕೊಟ್ಟರು. ಬೆಳಿಗ್ಗೆ ಅಬ್ಬಾ ಪತ್ರಿಕೆ ಹಿಡಿದುಕೊಂಡು ಬಂದು, 'ನಾನೂ ಬೆಂಗಳೂರಿನ ಮುಸ್ಲಿಮನೇ, ನನ್ನ ಪಾಲಿನ ಕಪ್ಪು ಎಲ್ಲಿ?' ಎಂದರು.

ಆ 1948 ಬೆಂಗಳೂರಿಗೆ ವಿಶೇಷ ವರ್ಷ. ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಮೊದಲ ಸಲ ಫ್ರಾನ್ಸ್ ಎದುರು ಆಡಿತು. ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿ ತಪ್ಪಿಸಿಕೊಂಡು 1–2ರಿಂದ ಸೋತರು. ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಕಡೆಯಿಂದ ಹೋದ ಎಸ್. ರಾಮನ್. ತಂಡದಲ್ಲಿ ವರದರಾಜ್, ಬಷೀರ್, ಧನರಾಜ್, ಅಹಮದ್ ಖಾನ್ ಕೂಡ ಇದ್ದರು. ಡೆಕ್ಕನ್ ಹೆರಾಲ್ಡ್ ಹುಟ್ಟಿ ಆಗ ಆರೇ ವಾರ. ಪ್ರಜಾವಾಣಿ ಇನ್ನೂ ಹುಟ್ಟಬೇಕಿತ್ತು, ಅದು ಬಂದದ್ದು ಆ ಅಕ್ಟೋಬರ್‌ನಲ್ಲಿ.

ಅಹಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವಿಭಜನೆಯಲ್ಲಿ ನೆಲ ಕಳೆದುಕೊಂಡು ಪೂರ್ವದಿಂದ ಬಂದ ಹಿಂದೂ ನಿರಾಶ್ರಿತರು ತಮ್ಮದೆಂದು ಎದೆಗವಚಿಕೊಂಡ ಕ್ಲಬ್ಬು ಅದು. ಅದರ ಐವರು ಮುಂಪಡೆಯ ಆಟಗಾರರನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಐವರಲ್ಲಿ ಇಬ್ಬರು ಮುಸ್ಲಿಮರು, ಬಂಗಾಳಿ ಒಬ್ಬನೂ ಇಲ್ಲ. 1949ರಿಂದ 1951ರವರೆಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಅವರದೇ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತಕ್ಕೆ ಹತ್ತು ಗೋಲು ಹೊಡೆದು ಮಣ್ಣು ಮುಕ್ಕಿಸಿದಾಗ ನಮ್ಮ ಕಡೆಯ ಒಂದೇ ಗೋಲು ಅಹಮದ್ ಖಾನರದು. 2017ರ ಆಗಸ್ಟ್‌ನಲ್ಲಿ ತೊಂಬತ್ತರ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಕ್ರಿಕೆಟ್ಟಿನ ಮಾತು ಬೇರೆ. ಅದು ತನ್ನ ಚರಿತ್ರೆಯನ್ನು ತಾನೇ ಬರೆದುಕೊಳ್ಳುವ ಆಟ. ಮರದ ಕೆಳಗೆ ಮುರುಕು ಮೇಜು ಹಾಕಿಕೊಂಡು ಕೂತ ಸ್ಕೋರರ್ ಒಂದೊಂದು ಚೆಂಡಿಗೂ ಒಂದು ಚುಕ್ಕೆಯನ್ನಾದರೂ ಇಡಲೇಬೇಕು. ನಾನು ಮಧ್ಯಾಹ್ನ ತಡವಾಗಿ ಹೋದರೂ ಅವನ ಪುಸ್ತಕ ನೋಡಿ ಬೆಳಗಿನದನ್ನೆಲ್ಲ ಬರೆದುಬಿಡುತ್ತಿದ್ದೆ. ಭಾನುವಾರ ಬಿರಿಯಾನಿ ತಿಂದು ಸಾವಕಾಶವಾಗಿ ಹೊರಡುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ರಣಜಿ ಟೂರ್ನಿಯ ಮೊಟ್ಟಮೊದಲ ಪಂದ್ಯವನ್ನು ಮೈಸೂರು ತಂಡ ಒಂದೇ ದಿನದಲ್ಲಿ ಸೋತಿತು. ಮೈಸೂರು 48 ಮತ್ತು 59, ಮದರಾಸು 130. ಎ.ಜಿ. ರಾಮ್‌ಸಿಂಗ್‌ಗೆ ಹನ್ನೊಂದು ವಿಕೆಟ್. ಮೊದಲ ಚೆಂಡು ಎಸೆದವರು ಎಂ.ಜೆ. ಗೋಪಾಲನ್, ಎದುರಿಸಿದವರು ಎನ್. ಕರ್ಟಿಸ್. ಅಂಥ ಹೀನಾಯ ಸೋಲಿನ ಮೊದಲ ಚೆಂಡೂ ನಮಗೆ ಗೊತ್ತಿದೆ. ಮೂರು ವರ್ಷದ ನಂತರದ ಮಹಾಗೆಲುವಿಗೆ ಪಟ್ಟಿಯಲ್ಲಿ ಉಳಿದದ್ದು ಒಂದು ಅಂಕಿ. ಫುಟ್‌ಬಾಲಿಗೆ ಮೇಜಿಲ್ಲ, ಪುಸ್ತಕವಿಲ್ಲ. ತೊಂಬತ್ತು ನಿಮಿಷ ಓಡಿದವನದು ಏನೂ ಉಳಿಯುವುದಿಲ್ಲ. ರೆಫರಿಯ ಚೀಟಿಯಲ್ಲಿ ಗೋಲು ಮತ್ತು ಕಾರ್ಡು. ಉಳಿದದ್ದು ಗೆರೆಯ ಬಳಿ ನಿಂತ ವರದಿಗಾರನ ಪಾಲು, ಅವನು ಅಲ್ಲಿದ್ದರೆ.

ಇವೆರಡು ಆಟಗಳನ್ನೂ ನಮ್ಮ ಪುಟದಲ್ಲಿ 'ಹವ್ಯಾಸಿ ಕ್ರೀಡೆ' ಎಂಬ ತಲೆಪಟ್ಟಿಯ ಕೆಳಗೆ ಹಾಕುತ್ತಿದ್ದೆವು. ಹವ್ಯಾಸವೆಂದರೆ ಹೊಟ್ಟೆ ತುಂಬಿದ ಮೇಲೆ ಮಾಡುವಂಥದ್ದು. ಡಿವಿಷನ್ ಕ್ರಿಕೆಟ್ಟಿಗೆ ಸ್ಕೂಟರಿನಲ್ಲಿ ಕಿಟ್ ಹೇರಿಕೊಂಡು ಬರುತ್ತಿದ್ದ ಬ್ಯಾಂಕ್ ನೌಕರರಿಗೆ ಅದು ಸರಿ. ಆಸ್ಟಿನ್ ಟೌನಿನ ಹುಡುಗನಿಗೆ ಫುಟ್‌ಬಾಲ್ ಕೆಲಸದ ಅರ್ಜಿಯಾಗಿತ್ತು. ಐ.ಟಿ.ಐ., ಎಚ್.ಎ.ಎಲ್., ಬೆಮೆಲ್ ಮುಂತಾದ ಸರ್ಕಾರಿ ಕಾರ್ಖಾನೆಗಳು ತಮ್ಮ ತಂಡಗಳಿಗಾಗಿ ಆಟಗಾರರನ್ನು ನೌಕರಿಗೆ ತೆಗೆದುಕೊಳ್ಳುತ್ತಿದ್ದವು. ಕಾಲಿನ ಬಲದಿಂದ ಗೇಟಿನೊಳಗೆ ಹೋದವನಿಗೆ ಪಿ.ಎಫ್., ಕ್ಯಾಂಟೀನು, ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ. ಒಂದು ತಲೆಮಾರು ಹಾಗೆ ಬದುಕಿಕೊಂಡಿತು. ನಾನು ವರದಿ ಮಾಡಲು ಹೋಗುವ ಹೊತ್ತಿಗೆ ಆ ಗೇಟುಗಳು ಮುಚ್ಚುತ್ತ ಬಂದಿದ್ದವು. ಆದರೂ ಹುಡುಗರು ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ, ಸರ್ಟಿಫಿಕೇಟುಗಳ ಜೊತೆ ಫೈಲಿನಲ್ಲಿ ಜೋಡಿಸಿಡುತ್ತಿದ್ದರು.

2004ರಲ್ಲಿ ಇರಬೇಕು, ಒಂದು ಬಿ ಡಿವಿಷನ್ ಪಂದ್ಯ. ಇನ್ನೇನು ಮುಗಿಯಬೇಕು ಎನ್ನುವಾಗ ಒಂಬತ್ತನೇ ನಂಬರಿನ ಹುಡುಗ ದೂರದಿಂದ ಹೊಡೆದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಅದೊಂದೇ ಗೋಲು. ಮಳೆ ಬರುವಂತಿತ್ತು, ಪುಟ ಬೇಗ ಮುಗಿಸಬೇಕೆಂಬ ಆತುರ ಬೇರೆ. ನಾನು ಕೆಳಗಿಳಿಯದೆ ಪಟ್ಟಿಯಲ್ಲಿ ಒಂಬತ್ತರ ಎದುರಿದ್ದ ಹೆಸರು ಬರೆದುಕೊಂಡು ಬಸ್ ಹತ್ತಿದೆ. ಮರುದಿನ ಸಂಜೆ ಒಬ್ಬ ತೆಳ್ಳಗಿನ ಹುಡುಗ ಪತ್ರಿಕೆ ಸುರುಳಿ ಸುತ್ತಿಕೊಂಡು ಕಚೇರಿಗೆ ಬಂದ. ವಿರಾಮದಲ್ಲಿ ಅವನ ಅಂಗಿ ಹರಿದಿತ್ತಂತೆ. ಬದಲಿ ಆಟಗಾರನಾಗಿ ಹೊರಗೆ ಕೂತಿದ್ದ ಗೆಳೆಯನ ಒಂಬತ್ತನ್ನು ಹಾಕಿಕೊಂಡು ಆಡಿದ್ದನಂತೆ. ಗೋಲು ಇವನದು, ಅಚ್ಚಾದದ್ದು ಬೆಂಚಿನ ಮೇಲಿದ್ದವನ ಹೆಸರು.

ಅವನು ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು. ಅವನ ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಆ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪತ್ರಿಕೆ ಕೊಂಡು, ಅಲ್ಲಿದ್ದವರ ಕೈಯಲ್ಲಿ ಗಟ್ಟಿಯಾಗಿ ಓದಿಸಿದ್ದರು. ಎಲ್ಲರೆದುರು ಓದಿದಾಗ ಬಂದದ್ದು ಪಕ್ಕದ ಮನೆಯ ಹುಡುಗನ ಹೆಸರು. 'ಅಪ್ಪ ನಾನು ಸುಳ್ಳು ಹೇಳಿದೆ ಅಂದ್ಕೊಂಡಿದಾರೆ ಸರ್' ಎಂದ. ನಾನು ತಿದ್ದುಪಡಿ ಬರೆದು ಕ್ರೀಡಾ ಸಂಪಾದಕರ ಮುಂದಿಟ್ಟೆ. ಬಿ ಡಿವಿಷನ್ ಪಂದ್ಯಕ್ಕೆಲ್ಲ ತಿದ್ದುಪಡಿ ಹಾಕುತ್ತಾ ಕೂತರೆ ಪುಟ ತುಂಬಿಸುವುದು ಯಾವಾಗ ಎಂದರು. ಒತ್ತಾಯ ಮಾಡುವ ಧೈರ್ಯ ನನಗೂ ಇರಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಈಗ ಬೆಂಗಳೂರಿನ ಫುಟ್‌ಬಾಲಿಗೆ ಬೇರೆ ಮುಖ ಬಂದಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಇದೇ ಅಶೋಕನಗರದಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದು, ಆಮೇಲೆ ಕಂಠೀರವಕ್ಕೆ ಹೋಯಿತು. 1968-69ರ ನಂತರ ಕೈಗೆ ಸಿಗದಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 2023ರ ಮಾರ್ಚ್ 4ರಂದು, ಅದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ ಗೆದ್ದುಕೊಂಡಿತು. ಅಂದು ಮೊಬೈಲಿನಲ್ಲಿ ಪಂದ್ಯ ನೋಡುತ್ತ ಪ್ರತಿ ಗೋಲಿಗೂ ಹಳೆಯ ಅಭ್ಯಾಸದಿಂದ ಹೆಸರು ಬರೆದುಕೊಂಡೆ.

ಕಳೆದ ವರ್ಷ ಒಂದು ಮದುವೆಗೆಂದು ಆಸ್ಟಿನ್ ಟೌನ್ ಕಡೆ ಹೋಗಿದ್ದಾಗ ಆ ಹುಡುಗ ಸಿಕ್ಕಿದ. ಹುಡುಗನೇನು, ಈಗ ಅವನಿಗೂ ತಲೆ ನರೆತಿದೆ. ಕೊರಿಯರ್ ಕಂಪನಿಯೊಂದರಲ್ಲಿ ಕೆಲಸ, ಬೆಳಿಗ್ಗೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಾನೆ. ಬಲವಂತವಾಗಿ ಮನೆಗೆ ಕರೆದುಕೊಂಡು ಹೋದ. ಆ ಫೈಲನ್ನು ಯಾರಾದರೂ ನೋಡಿದರೇ ಎಂದು ಕೇಳಿದೆ. 'ಸೆಲೆಕ್ಷನ್‌ನಲ್ಲಿ ಕಾಲು ನೋಡ್ತಾರೆ ಸರ್, ಪೇಪರ್ ಯಾರು ನೋಡ್ತಾರೆ' ಎಂದು ನಕ್ಕ. ಆದರೂ ಒಳಗಿನಿಂದ ಫೈಲು ತಂದ. ಪ್ಲಾಸ್ಟಿಕ್ ಹೊದಿಕೆಯೊಳಗೆ ನನ್ನ ನಾಲ್ಕು ಸಾಲು ಹಳದಿಯಾಗಿ ಕೂತಿದ್ದವು. ತಪ್ಪು ಹೆಸರಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದಿತ್ತು. ಅಕ್ಷರಗಳು ವಕ್ರವಾಗಿದ್ದವು, ಒಂದು ಒತ್ತಕ್ಷರ ತಪ್ಪಿತ್ತು. ಬರೆದವರು ಯಾರೆಂದು ಕೇಳಿದೆ. ಅಪ್ಪ, ಎಂದ. ಆ ವರ್ಷ ಇಷ್ಟು ಬರೆಯುವಷ್ಟು ಕಲಿತುಕೊಂಡರಂತೆ.