ಗಡಿಕಲ್ಲು ಸರಿಸಬೇಡ: ಒಂದು ಜ್ಞಾನೋಕ್ತಿ ನಡೆದು ಬಂದ ದಾರಿ



ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿದರೆ ಒಂದು ತಿಂಗಳಿಗೆ ಸರಿಹೋಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಹಾಗೇ ಓದುತ್ತೇವೆ, ಹಿಡಿಸಿದ ವಚನವನ್ನು ಸ್ಟೇಟಸ್ ಹಾಕುತ್ತೇವೆ. ಆದರೆ ಈ ಮಾತುಗಳನ್ನು ಯಾರು ಕೂಡಿಸಿದರು ಎಂದು ತಿಳಿದರೆ ಅವುಗಳ ತೂಕ ಹೆಚ್ಚುತ್ತದೆ.

ಪುಸ್ತಕಕ್ಕೆ ಸೊಲೊಮೋನನ ಹೆಸರಿದೆ. ಎಲ್ಲವೂ ಅವನದಲ್ಲ ಎಂದು ಪುಸ್ತಕವೇ ಹೇಳುತ್ತದೆ. 25ನೇ ಅಧ್ಯಾಯದಿಂದ ಬರುವ ಮಾತುಗಳನ್ನು ಬರೆದಿಟ್ಟವರು ಅರಸ ಹಿಜ್ಕೀಯನ ಜನರು. ಅವನು ಸೊಲೊಮೋನನಿಗಿಂತ 200 ವರ್ಷಕ್ಕೂ ಈಚಿನವನು. 30ನೇ ಅಧ್ಯಾಯ ಆಗೂರನದು. 31ನೆಯದರಲ್ಲಿ ಅರಸ ಲೆಮೂವೇಲನಿಗೆ ತಾಯಿ ಕಲಿಸಿದ ಮಾತುಗಳಿವೆ. ಇಸ್ರಾಯೇಲಿನ ಅರಸರ ಪಟ್ಟಿಯಲ್ಲಿ ಲೆಮೂವೇಲನ ಹೆಸರೇ ಇಲ್ಲ.

ಇನ್ನೊಂದು ಸಂಗತಿ ಐಗುಪ್ತದಿಂದ ಬಂತು. ಬ್ರಿಟಿಷ್ ಮ್ಯೂಸಿಯಂಗಾಗಿ ವಾಲಿಸ್ ಬಡ್ಜ್ 1888ರಲ್ಲಿ ಅಲ್ಲಿಂದ ಒಂದು ಪಪೈರಸ್ ಸುರುಳಿ ತಂದರು. ಅದು ಅಚ್ಚಾದದ್ದು 1923ರಲ್ಲಿ. ಧಾನ್ಯ ಮತ್ತು ಹೊಲಗಳ ಲೆಕ್ಕ ನೋಡುತ್ತಿದ್ದ ಅಮೆನೆಮೋಪೆ ಎಂಬ ಅಧಿಕಾರಿ ಮಗನಿಗೆ ಹೇಳಿದ 30 ಅಧ್ಯಾಯಗಳ ಬುದ್ಧಿಮಾತು ಅದರಲ್ಲಿತ್ತು. ಮರುವರ್ಷವೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮಾನ್, ಜ್ಞಾನೋಕ್ತಿಗಳ 22ನೇ ಅಧ್ಯಾಯದ 17ನೇ ವಚನದಿಂದ ಮುಂದಿನ ಭಾಗ ಇದನ್ನು ಬಹಳ ಹೋಲುತ್ತದೆ ಎಂದು ತೋರಿಸಿದರು. ಬಡವನನ್ನು ದೋಚಬೇಡ, ಮುಂಗೋಪಿಯ ಸ್ನೇಹ ಬೇಡ, ಗಡಿಕಲ್ಲು ಸರಿಸಬೇಡ ಎಂಬ ಮಾತುಗಳು ಎರಡರಲ್ಲೂ ಇವೆ. ಐಗುಪ್ತದವನಿಗೆ ಸಂಪತ್ತು ಬಾತಿನಂತೆ ಹಾರಿಹೋಗುತ್ತದೆ, ನಮ್ಮ ಪುಸ್ತಕದಲ್ಲಿ ಹದ್ದಿನಂತೆ. ಐಗುಪ್ತದ್ದೇ ಹಳೆಯದು ಎಂಬುದು ಬಹುಪಾಲು ವಿದ್ವಾಂಸರ ಮತ.

ಇದರಿಂದ ನಂಬಿಕೆ ಅಲುಗಬೇಕೇ? ನನಗೆ ಹಾಗನಿಸುವುದಿಲ್ಲ. ಇಸ್ರಾಯೇಲ್ಯರು ನೆರೆಯವರ ಒಳ್ಳೆಯ ಮಾತನ್ನು ತಳ್ಳಿಹಾಕಲಿಲ್ಲ. ತಮ್ಮ ದೇವರ ಮುಂದೆ ಇಟ್ಟು ತೂಗಿ ನೋಡಿದರು. ಅನಾಥರ ಹೊಲಕ್ಕೆ ಕೈಹಾಕಿದರೆ ಅವರ ಪರವಾಗಿ ವಾದಿಸಲು ದೇವರೇ ನಿಲ್ಲುತ್ತಾನೆ ಎಂದು ಬರೆದರು.

ಆ ಮಾತು ಕನ್ನಡಕ್ಕೆ ಬಂದದ್ದೂ ನಮ್ಮ ಸೀಮೆಯಲ್ಲೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಆಮೇಲೆ ಜೊತೆಯಾದ ವಿಲಿಯಂ ರೀವ್ ಮುಂತಾದವರ ದುಡಿಮೆಯಿಂದ 1831ರಲ್ಲಿ ಇಡೀ ಕನ್ನಡ ಬೈಬಲ್ ಸಿದ್ಧವಾಯಿತು. ಆಗ ರಾಯದುರ್ಗ, ಆದೋನಿ ಎರಡೂ ಬಳ್ಳಾರಿ ಜಿಲ್ಲೆಯೊಳಗಿದ್ದವು. 1953ರಲ್ಲಿ ಅವು ಆಂಧ್ರಕ್ಕೆ ಸೇರಿದವು. ರಾಜ್ಯದ ಗಡಿ ಬದಲಾದರೂ ಕನ್ನಡದ ಬೈಬಲ್ ನಮ್ಮ ಮನೆಗಳಲ್ಲೇ ಉಳಿಯಿತು.

ಆದರೆ ಆ ವಚನ ಹೇಳುವುದು ರಾಜ್ಯದ ಗಡಿಯನ್ನಲ್ಲ, ಹೊಲದ ಬದುವನ್ನು. ನೈಲ್ ನದಿಯ ನೆರೆಯಲ್ಲಿ ಗುರುತು ಅಳಿಸಿಹೋಗುತ್ತಿದ್ದ ಐಗುಪ್ತದಲ್ಲಿ ಹೇಗೋ, ನಮ್ಮ ಒಣಭೂಮಿಯಲ್ಲೂ ಹಾಗೇ. ಇಲ್ಲಿ ಯಾರೂ ರಾತ್ರೋರಾತ್ರಿ ಕಲ್ಲು ಕೀಳಬೇಕಿಲ್ಲ. ವರ್ಷಕ್ಕೊಂದು ಸಾಲು ಬದು ಒತ್ತಿ ಉತ್ತರೆ ಸಾಕು, ಕೇಳುವವರಿಲ್ಲದ ವಿಧವೆಯ ಹೊಲ ಕರಗುತ್ತದೆ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದ ಮುದುಕರದ್ದೂ ಅಷ್ಟೇ.

ಈ ಮುಂಗಾರಿಗೆ ನೇಗಿಲೋ ಟ್ರ್ಯಾಕ್ಟರೋ ಹಿಡಿಯುವ ಗೆಳೆಯರೇ, ಬದುವಿನ ಹತ್ತಿರ ಬಂದಾಗ ಈ ವಚನ ನೆನಪಿರಲಿ.